ಹಾಳೆಯ ಅಡ್ಡಕ್ಕೆ ಬರೆದದ್ದು

ಹುಲ್ಡಾ ಸತ್ತಳೆಂಬ ಸುದ್ದಿ ಬಂದಾಗ ಅವಳ ಅಕ್ಕ ಜೆರೂಷಾ ಪಿಂಗ್ರಿ ಅಡುಗೆಮನೆಯ ಕಿಟಕಿಯ ಬಳಿ ಕೂತು ಹೆಂಗಸರ ಬೂಟಿನ ಮೇಲ್ಚರ್ಮಕ್ಕೆ ಅಂಚು ಹೊಲಿಯುತ್ತಿದ್ದಳು. ನೆಲಮಾಳಿಗೆಯ ಮೆಟ್ಟಿಲಲ್ಲಿ ಕಾಲು ಜಾರಿತಂತೆ, ಕತ್ತು ಮುರಿಯಿತಂತೆ, ನೋವೇ ಗೊತ್ತಾಗಲಿಲ್ಲವಂತೆ. ಸುದ್ದಿ ತಂದ ಗಾಡಿಯವನು ಟೋಪಿ ತೆಗೆದು ನಿಂತಿದ್ದ. ಜೆರೂಷಾ ಕೈಯಲ್ಲಿದ್ದ ಜೋಡಿಯನ್ನು ಕೊನೆಯ ಹೊಲಿಗೆಯವರೆಗೂ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು, ಆಮೇಲೆ ಎದ್ದಳು. ಇವಳದೇನು ಎದೆಯೋ ಕಲ್ಲೋ ಎಂದು ಟಾರ್ಬೆಲ್ ಕೊಲ್ಲಿಯ ಜನ ಆಡಿಕೊಂಡರು. ಅವರಿಗೇನು ಗೊತ್ತು? ಆರು ವರ್ಷದಿಂದ ಬಾಗಿಲು ಯಾರು ತಟ್ಟಿದರೂ ಇದೇ ಸುದ್ದಿಯಿರಬೇಕೆಂದು ಅವಳು ಹೊಲಿಗೆ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಇವತ್ತು ಆ ಕಾಯುವುದು ನಿಂತಿತು, ಅಷ್ಟೇ. ಕೈ ಮಾತ್ರ ನಿಲ್ಲಲೊಲ್ಲದೆ ಹೊಲಿಯುತ್ತ ಹೋಯಿತು.

ಬಾಸ್ಟನ್ನಿನ ಪಕ್ಕದ ಹುಲ್ಡಾಳ ಬಿಳಿ ಮನೆಯಲ್ಲಿ ತಂಗಿಯನ್ನು ತೊಳೆದು ಬಟ್ಟೆ ತೊಡಿಸುವ ಕೆಲಸ ಜೆರೂಷಾಳದೇ ಆಯಿತು. ಬೇರೆ ಯಾರನ್ನೂ ಅವಳು ಒಳಗೆ ಬಿಡಲಿಲ್ಲ. ಬಿಸಿನೀರಿನ ಬಟ್ಟೆಯಿಂದ ಕತ್ತು ಒರೆಸಿದಳು. ಎಡಗಡೆ ನಾಲ್ಕು, ಬಲಗಡೆ ಒಂದು, ನೀಲಿ ಮಚ್ಚೆ. ಮೆಟ್ಟಿಲು ಬೆರಳಿನ ಗುರುತು ಬಿಡುವುದಿಲ್ಲ. ಪಕ್ಕೆಲುಬಿನ ಮೇಲೆ ಹಳೆಯ ಹಳದಿ ಬಾವು, ಅದರ ಮೇಲೆ ಹೊಸ ಕಪ್ಪು. ಮುಂಗೈಯ ಒಳಬದಿಯಲ್ಲಿ ಬಟಾಣಿ ಗಾತ್ರದ ಸುಟ್ಟ ಕಲೆಗಳು, ಸಾಲಾಗಿ, ಯಾರೋ ಎಣಿಸಿ ಇಟ್ಟ ಹಾಗೆ. ಕಾಗದಕ್ಕೆ ಮೊಹರು ಒತ್ತುವ ಅರಗು ಚರ್ಮದ ಮೇಲೆ ಬಿದ್ದರೆ ಹೀಗೇ ಆಗುತ್ತದೆ. ಈ ಕಲೆಗಳನ್ನು ಜೆರೂಷಾ ನೋಡುತ್ತಿದ್ದುದು ಮೊದಲ ಸಲ. ಆದರೆ ಓದಿದ್ದಳು, ಒಂದೊಂದನ್ನೂ, ಅದು ಆದ ತಿಂಗಳಲ್ಲೇ.

ಗೋಡೆಯಾಚೆ ನಡುಮನೆಯಲ್ಲಿ ಹುಲ್ಡಾಳ ಗಂಡ ಆಂಬ್ರೋಸ್ ಲಾಥ್ರಪ್ ಬಂದವರಿಗೆ ಶೋಕಗೀತೆ ಓದುತ್ತಿದ್ದ. ಒಲೆ ಮುಂದಿನ ಸಂಜೆ, ಹೆಂಡತಿಯ ಹೆಣಿಗೆ, ಮಗುವಿನ ಪ್ರಾರ್ಥನೆ, ಇವೇ ಅವನ ಕವಿತೆಯ ವಸ್ತು. ಆ ಸೀಮೆಯಲ್ಲಿ ಬೈಬಲ್ಲಿನ ಪಕ್ಕ ಅವನ ಪುಸ್ತಕವಿಲ್ಲದ ಮನೆಯಿರಲಿಲ್ಲ. ಆಚೆ ಕಡೆ ಜನ ಬಿಕ್ಕುವುದು ಕೇಳುತ್ತಿತ್ತು. ಓದು ಮುಗಿಸಿ ಅವನು ಬಾಗಿಲ ಸಂದಿಯಿಂದ ಮೆತ್ತಗೆ ಅಂದ:

"ಅತ್ತಿಗೆ, ಎತ್ತರದ ಕಾಲರಿನ ಉಡುಪು ಹಾಕಿ. ಅವಳಿಗೆ ಕತ್ತಿಗೆ ಚಳಿ ತಾಕಿದ್ರೆ ಆಗ್ತಿರಲಿಲ್ಲ."

ಜೆರೂಷಾ ಎತ್ತರದ ಕಾಲರಿನದನ್ನೇ ಹಾಕಿದಳು. ಗುಂಡಿ ಹಾಕುವಾಗ ಮೂಲೆಯ ಮರದ ಪೆಟ್ಟಿಗೆಯ ಹಿಂದೆ ಏನೋ ಅಲುಗಿತು. ಐದೂವರೆ ವರ್ಷದ ಡಾರ್ಕಸ್, ಹುಲ್ಡಾಳ ಒಬ್ಬಳೇ ಮಗಳು. ಎಷ್ಟು ಹೊತ್ತಿನಿಂದ ಅಲ್ಲಿತ್ತೋ ಮಗು! ಅಳುತ್ತಿರಲಿಲ್ಲ. ಎರಡೂ ಕೈಯಿಂದ ತನ್ನ ಬಾಯಿಯನ್ನು ತಾನೇ ಒತ್ತಿ ಹಿಡಿದುಕೊಂಡಿತ್ತು. ಮಣ್ಣಾದ ಮೂರನೆಯ ದಿನ ಆಂಬ್ರೋಸನೇ, "ಸ್ವಲ್ಪ ಕಾಲ ನಿಮ್ಮಲ್ಲಿರಲಿ. ದುಃಖದಲ್ಲಿ ನಾನು ಬರೀಬೇಕು, ಮನೆ ನಿಶ್ಶಬ್ದವಾಗಿರಬೇಕು," ಎಂದ. ಅವನ ಮನಸ್ಸು ಬದಲಾಗುವ ಮೊದಲು ಜೆರೂಷಾ ಮಗುವನ್ನು ಗಾಡಿಗೆ ಹತ್ತಿಸಿದಳು.

ಕಾಗದಗಳ ವಿಚಾರ ಹೇಳಲೇಬೇಕು. ಆಗೆಲ್ಲ ಅಂಚೆಗೆ ಹಾಳೆಯ ಲೆಕ್ಕ. ಹಾಳೆ ಎರಡಾದರೆ ದರವೂ ಎರಡರಷ್ಟು, ಅದನ್ನು ತೆರಬೇಕಾದವರು ಪಡೆದವರು. ಅದಕ್ಕೇ ಜನ ಒಂದು ಹಾಳೆಯನ್ನು ಉದ್ದಕ್ಕೆ ಬರೆದು ತುಂಬಿಸಿ, ಅದನ್ನೇ ಕಾಲು ಸುತ್ತು ತಿರುಗಿಸಿ, ಬರೆದದ್ದರ ಮೇಲೆ ಅಡ್ಡಡ್ಡಲಾಗಿ ಮತ್ತೆ ಬರೆಯುತ್ತಿದ್ದರು. ಅಭ್ಯಾಸವಿದ್ದವರ ಕಣ್ಣು ಉದ್ದವನ್ನೂ ಅಡ್ಡವನ್ನೂ ಬೇರೆ ಬೇರೆಯಾಗಿ ಎತ್ತಿಕೊಳ್ಳುತ್ತದೆ. ಇಲ್ಲದವರಿಗೆ ಅದು ಕೋಳಿ ಕೆದರಿದ ತಿಪ್ಪೆ. ಆಂಬ್ರೋಸ್ ತಿಂಗಳಿಗೊಂದು ಕಾಗದ ಜೆರೂಷಾಳಿಗೆ ಬರೆಯುತ್ತಿದ್ದ. ಅವಳ ಮೇಲಿನ ಪ್ರೀತಿಯಿಂದಲ್ಲ. ಟಾರ್ಬೆಲ್ ಕೊಲ್ಲಿಯಲ್ಲಿ ಬೂಟು ಹೊಲಿಯುವ ಹೆಂಗಸರು ಒಂದೇ ಮನೆಯಲ್ಲಿ ಕೂಡಿ ಕೂರುತ್ತಾರೆ, ಒಬ್ಬಳು ಓದುತ್ತಾಳೆ, ಉಳಿದವರು ಹೊಲಿಯುತ್ತ ಕೇಳುತ್ತಾರೆ ಎಂಬುದು ಅವನಿಗೆ ತಿಳಿದಿತ್ತು. ಹಿಮದ ಮೇಲಿನ ಬೆಳಕು, ಹೆಂಡತಿಯ ಕೈಯ ಸೇಬಿನ ಪೈ, ತೊಟ್ಟಿಲ ಹಾಡು, ಎಲ್ಲವನ್ನೂ ಅಚ್ಚಿಗೆ ಹೋಗುವಂತೆಯೇ ಬರೆಯುತ್ತಿದ್ದ. ಅಡ್ಡದ ಜಾಗವನ್ನು ಹೆಂಡತಿಗೆ ಬಿಡುತ್ತಿದ್ದ. ಕಾಗದ ಹಾಳು ಮಾಡುವುದು ಅಲ್ಲಿಯವರಿಗೆ ಪಾಪಕ್ಕೆ ಸಮ.

ಹುಲ್ಡಾ ಪ್ರತಿ ಸಲವೂ ಅಡುಗೆಯಿಂದ ಶುರು ಮಾಡುತ್ತಿದ್ದಳು. ಇಷ್ಟು ಹಿಟ್ಟು, ಇಷ್ಟು ಕಾಕಂಬಿ. ಗಂಡ ಅವಳ ಹೆಗಲ ಮೇಲಿಂದ ಬಗ್ಗಿ ನಾಲ್ಕು ಸಾಲು ನೋಡಿ, "ಹೆಂಗಸರ ಗೀಚು" ಎಂದು ಆಕಳಿಸಿ ಹೋಗುತ್ತಿದ್ದ. ಐದನೆಯ ಸಾಲಿನಿಂದ ಅವಳು ನಿಜ ಬರೆಯುತ್ತಿದ್ದಳು.

ಜೆರೂಷಾ ಹೆಂಗಸರ ನಡುವೆ ಉದ್ದದ ಸಾಲುಗಳನ್ನು ಓದುತ್ತಿದ್ದಳು. ದನಿ ಚೆನ್ನಾಗಿತ್ತು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಇಳಿಸಬೇಕು ಗೊತ್ತಿತ್ತು. ಎಲ್ಲರೂ ಮೂಗೊರೆಸಿಕೊಳ್ಳುತ್ತಿದ್ದರು. ಕವಿಯ ಅತ್ತಿಗೆ ಎಂದು ಇಗರ್ಜಿಯಲ್ಲಿ ಅವಳಿಗೆ ಮುಂದಿನ ಬೆಂಚು ಸಿಕ್ಕಿತು. ಎಲ್ಲರೂ ಹೋದ ಮೇಲೆ ಹಾಳೆ ತಿರುಗಿಸಿ ಅಡ್ಡದ್ದನ್ನು ಒಬ್ಬಳೇ ಓದುತ್ತಿದ್ದಳು. ಒಮ್ಮೆ, ಒಂದೇ ಒಮ್ಮೆ, ಊರಿನ ಅಂಚೆಯವನೂ ನ್ಯಾಯಾಧಿಕಾರಿಯೂ ಇಗರ್ಜಿಯ ಹಿರಿಯನೂ ಆದ ಅಮಾಸಾ ಬರಿಲ್‌ನ ಬಳಿ ಹೋಗಿ ಬಾಯಿಬಿಟ್ಟಿದ್ದಳು. ಅವನು ಕಾಗದವನ್ನು ಮುಟ್ಟಲೂ ಇಲ್ಲ.

"ಗಂಡಹೆಂಡಿರ ಮಧ್ಯೆ ತೂರಿದ ಮೂಗು ಉಳಿಯಲ್ಲ ಜೆರೂಷಾ. ಅಂಥಾ ಕವಿತೆ ಬರಿಯೋನು ಕೈ ಎತ್ತುತಾನಾ? ನಿನ್ ತಂಗಿ ಬಸುರಿ. ಆ ಟೈಮಲ್ಲಿ ಏನೇನೋ ಅನ್ಸುತ್ತೆ."

ಅಷ್ಟಕ್ಕೇ ಅವಳು ಸುಮ್ಮನಾದಳು. ಊರೂರಿಗೆ ಆಂಬ್ರೋಸನ ಹೆಸರನ್ನು ಹೊತ್ತದ್ದು ಅಚ್ಚಿನ ಮನೆಯಾಗಿರಬಹುದು. ಟಾರ್ಬೆಲ್ ಕೊಲ್ಲಿಯಲ್ಲಿ ಹೊತ್ತದ್ದು ತನ್ನ ಬಾಯಿ. ಈ ಯೋಚನೆ ಬಂದಾಗೆಲ್ಲ ಅವಳು ದಬ್ಬಳದಿಂದ ಹೆಬ್ಬೆರಳನ್ನು ಬೇಕೆಂದೇ ಚುಚ್ಚಿಕೊಳ್ಳುತ್ತಿದ್ದಳು.

ಡಾರ್ಕಸ್ ಬಂದ ಮೇಲೆ ಭಯಕ್ಕೆ ಹೊಸ ಮುಖ ಬಂತು. ಮಗು ಉಣ್ಣುತ್ತಿತ್ತು, ನಗುತ್ತಲೂ ಇತ್ತು, ಆದರೆ ಗಾಡಿಯ ಗಾಲಿ ಸದ್ದು ಕೇಳಿದರೆ ಸಾಕು, ಮೇಜಿನ ಕೆಳಗೆ. ಬಂದ ಮೊದಲ ಶನಿವಾರ ಸ್ನಾನ ಮಾಡಿಸುವಾಗ ಮೊಣಕೈ ಮಡಿಕೆಯಲ್ಲಿ ಒಂದು ಕಲೆ ಕಂಡಿತು. ಬಟಾಣಿ ಗಾತ್ರ. ಜೆರೂಷಾಳ ಕೈಯಿಂದ ಸಾಬೂನು ಜಾರಿತು.

"ಇದೇನೇ ಪುಟ್ಟಿ?"

"ನಾನು ಸದ್ದು ಮಾಡ್ದೆ ದೊಡ್ಡಮ್ಮ. ಅಪ್ಪ ಬರೀತಿದ್ರು."

"ಅದಕ್ಕೆ?"

"ಬಾಯಿಗೆ ಮೊಹರು ಹಾಕ್ತೀನಿ ಅಂದ್ರು. ಅಮ್ಮ ಅಡ್ಡ ಬಂದ್ಲು. ಅದಕ್ಕೆ ಬಾಯಿ ಬಿಟ್ಟು ಕೈಗೆ ಹಾಕಿದ್ರು." ನೀರು ಚಿಮುಕಿಸುತ್ತ ಮತ್ತೆ ಅಂದಳು, "ಅಮ್ಮಂಗೆ ಜಾಸ್ತಿ ಹಾಕಿದ್ರು."

ಅಂದಿನಿಂದ ಜೆರೂಷಾ ಮಗುವಿಗೆ ಕೆಮ್ಮು ಬಂದರೆ ಮೂರು ಸಲ ಎದೆಗೆ ಕಿವಿಯಿಟ್ಟಳು, ಬಾವಿಯ ಮುಚ್ಚಳಕ್ಕೆ ಕಲ್ಲು ಹೇರಿದಳು, ಬೆಕ್ಕು ಪರಚೀತೆಂದು ಬೆಕ್ಕನ್ನೇ ಕೊಟ್ಟುಬಿಟ್ಟಳು. ಯಾವುದಕ್ಕೆ ಹೆದರಬೇಕೋ ಅದನ್ನು ತಡೆಯುವ ದಾರಿ ಕಾಣದಿದ್ದಾಗ ಮನುಷ್ಯರು ತಡೆಯಬಲ್ಲದ್ದನ್ನೆಲ್ಲ ತಡೆಯುತ್ತ ಕೂರುತ್ತಾರೆ.

ಸೆಪ್ಟೆಂಬರಿನಲ್ಲಿ ಕಾಗದ ಬಂತು. ಉದ್ದಕ್ಕೆ ಮಾತ್ರ ಬರೆದಿತ್ತು. ಅಡ್ಡಕ್ಕೆ ಬರೆಯುವವಳು ಇರಲಿಲ್ಲವಲ್ಲ. ಬಾಸ್ಟನ್ನಿನ ಪ್ರಕಾಶಕ ಪೆಲೆಗ್ ವಿಟ್‌ಕಂ ಎಂಬವರು ಕವಿಯ ಮನೆಯ ಕಾಗದಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಾರೆ. ಮೊದಲ ಪುಟಕ್ಕೆ ಚಿತ್ರ: ತಾಯಿಯಿಲ್ಲದ ಮಗಳು ಕವಿಯ ತೊಡೆಯ ಮೇಲೆ. ಬರುವ ಗುರುವಾರ ಇಬ್ಬರೂ ಬಂದು ಕಾಗದಗಳನ್ನು ತೆಗೆದುಕೊಂಡು ಡಾರ್ಕಸಳನ್ನು ಕರೆದೊಯ್ಯುತ್ತಾರೆ. ಇನ್ನು ಮುಂದೆ ಮಗಳು ತಂದೆಯ ಜೊತೆಗೇ ಇರುತ್ತಾಳೆ.

"ಕೊಡಬೇಡ," ಎಂದಳು ಟ್ಯಾಬಿತಾ ನ್ಯೂಹಾಲ್. ಪಕ್ಕದ ಮನೆಯವಳು, ಮೀನುಗಾರನ ವಿಧವೆ, ಗಂಟಲು ಕಡಲಿನಾಚೆಗೂ ಕೇಳುವಂಥದ್ದು. ವಿಷಯವೇನೆಂದು ಅವಳಿಗೆ ತಿಳಿಯದು, ಮಗು ಹೋಗುತ್ತದೆಂಬ ಸಂಕಟವಷ್ಟೇ.

"ಕೊಡದೆ ಏನ್ಮಾಡ್ಲಿ? ಮಗು ಅಪ್ಪಂದು. ಕಾನೂನೂ ಅದೇ ಹೇಳುತ್ತೆ, ಬರಿಲ್ಲೂ ಅದೇ ಹೇಳ್ತಾನೆ."

"ಬರಿಲ್ ಹೇಳ್ದ ಅಂತ ನನ್ ಗಂಡ ಬಿರುಗಾಳೀಲಿ ದೋಣಿ ಇಳಿಸ್ದ. ಏನಾಯ್ತು ನೋಡಿದ್ಯಲ್ಲ."

ಗುರುವಾರ ಮಧ್ಯಾಹ್ನ ಎಂದಿನಂತೆ ಹೊಲಿಯುವವರು ಸೇರಿದ್ದರು. ಒಬ್ಬಳೇ ಇರಲು ಜೆರೂಷಾಳಿಗೆ ಧೈರ್ಯವಿರಲಿಲ್ಲ. ಟ್ಯಾಬಿತಾ ಇದ್ದಳು. ಹತ್ತೊಂಬತ್ತು ವರ್ಷದ ಸಬ್ರಿನಾ ಓಟಿಸ್ ಇದ್ದಳು. ಕವಿಯ ಪದ್ಯಗಳೆಲ್ಲ ಬಾಯಿಪಾಠವಾಗಿದ್ದ ಹುಡುಗಿ, ಅವತ್ತು ಭಾನುವಾರದ ಲಂಗ ಉಟ್ಟು ಬಂದಿದ್ದಳು.

"ಬೂಟಿಗೆ ಅಂಚು ಹಾಕೋಕೆ ರಿಬ್ಬನ್ ಕಟ್ಕೊಂಡು ಬಂದಿದೀಯಲ್ಲೇ. ಕವಿ ಬರ್ತಾನೆ ಅಂತಾನಾ, ಬೂಟಿಗೆ ಬೇಜಾರಾಗ್ಬಾರ್ದು ಅಂತಾನಾ?" ಎಂದು ಟ್ಯಾಬಿತಾ ಕೆಣಕಿದಳು.

"ಸುಮ್ನಿರಿ ಅಕ್ಕ," ಎಂದು ಸಬ್ರಿನಾ ಕಿವಿಯವರೆಗೂ ಕೆಂಪಾದಳು.

ಗಾಲಿ ಸದ್ದು ಕೇಳಿತು. ಡಾರ್ಕಸ್ ಮೇಜಿನ ಕೆಳಗೆ ಹೋದಳು.

ಆಂಬ್ರೋಸ್ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಎತ್ತರದ ಆಳು, ಬೆಳ್ಳನೆಯ ದೊಡ್ಡ ಕೈ, ಎಂದೂ ಏರದ ದನಿ. ಹಿಂದೆ ವಿಟ್‌ಕಂ, ಕನ್ನಡಕದ ಗಿಡ್ಡ ಮನುಷ್ಯ, ಟೋಪಿಯನ್ನು ಎದೆಗೊತ್ತಿಕೊಂಡು ಎಲ್ಲರಿಗೂ ತಲೆಬಾಗಿದ. ಕವಿ ಕೋಣೆಯನ್ನು ಒಮ್ಮೆ ನೋಡಿ, ನಕ್ಕು, ನೇರ ಮೇಜಿನ ಬಳಿ ಹೋಗಿ ಮೊಣಕಾಲೂರಿದ.

"ಬಾ ನನ್ನ ಪಾರಿವಾಳ."

ಮಗು ಬರಲಿಲ್ಲ. ಅವನು ಕೈ ಹಾಕಿ ತೋಳು ಹಿಡಿದು ಎಳೆದ. ಅವಳು ಒದ್ದೆ ಬಟ್ಟೆಯಂತೆ ಎಳೆದತ್ತ ಬಂದಳು. ಅತ್ತಿದ್ದರೆ ಜೆರೂಷಾ ತಡೆದುಕೊಳ್ಳುತ್ತಿದ್ದಳೋ ಏನೋ. ಅಳಲಿಲ್ಲ. ನಿಂತಲ್ಲೇ ಮಗುವಿನ ಲಂಗದಿಂದ ನೀರಿಳಿದು ಹಲಗೆಯ ಮೇಲೆ ಹರಿದು ಅವನ ಹೊಳೆಯುವ ಬೂಟಿನ ತುದಿಯನ್ನು ಮುಟ್ಟಿತು. ಅವನು ಬೂಟನ್ನು ನೋಡಿದ. ಆಮೇಲೆ ಮಗುವನ್ನು ನೋಡಿದ. ರೆಪ್ಪೆ ಬಡಿಯುವಷ್ಟು ಹೊತ್ತು ಆ ಮುಖದಲ್ಲಿ ಒಂದು ಬೇರೆ ಮುಖ ಬಂದು ಹೋಯಿತು. ಬೇರೆ ಯಾರೂ ನೋಡಲಿಲ್ಲ. ಜೆರೂಷಾ ನೋಡಿದಳು.

"ಅಪ್ಪನ್ನ ನೋಡಿ ಖುಷಿಗೆ!" ಎಂದಳು ಸಬ್ರಿನಾ, ಒರೆಸಲು ಬಟ್ಟೆ ತರುತ್ತ.

ವಿಟ್‌ಕಂ ಮಾತು ಬದಲಿಸಿದ. "ಅಮ್ಮ, ನಮ್ಮ ಕವಿಗಳ ಕಾಗದಗಳನ್ನ ನೀವು ಓದೋದು ಕೇಳಬೇಕು ಅಂತ ಎಲ್ಲರೂ ಹೇಳ್ತಾರೆ. ಒಂದನ್ನ ಓದ್ತೀರಾ? ಮುನ್ನುಡಿಯಲ್ಲಿ ಆ ದೃಶ್ಯ ಬರೀಬೇಕು ನಾನು."

ಕಾಗದಗಳು ಬೂಟಿನ ಪೆಟ್ಟಿಗೆಯಲ್ಲಿ ಮೇಜಿನ ಮೇಲೇ ಇದ್ದವು. ಅವಳು ಮೇಲಿನದನ್ನು ತೆಗೆದಳು, ಹುಲ್ಡಾ ಸಾಯುವ ಹಿಂದಿನ ತಿಂಗಳಿನದು. ಉದ್ದದ ಸಾಲುಗಳನ್ನು ಓದಿದಳು. ಕೊನೆಯ ಮಂಜು, ಚಿಗುರಿದ ಮೇಪಲ್ ಎಲೆ, ಒಲೆ ಮುಂದೆ ಕೂತ ಹೆಂಡತಿಯ ನೆರಳು ಗೋಡೆಯ ಮೇಲೆ ದೇವದೂತೆಯಂತೆ ಕಂಡದ್ದು. ಸಬ್ರಿನಾಳ ಕಣ್ಣು ತುಂಬಿತು. ಕವಿಯೂ ಕರವಸ್ತ್ರ ತೆಗೆದ. ಓದು ಮುಗಿಯಿತು.

ಜೆರೂಷಾ ಹಾಳೆಯನ್ನು ಕಾಲು ಸುತ್ತು ತಿರುಗಿಸಿದಳು.

"ರೂಷಕ್ಕ, ಜೋಳದ ಹಿಟ್ಟು ಎರಡು ಬಟ್ಟಲು, ರೈ ಹಿಟ್ಟು ಒಂದು, ಕಾಕಂಬಿ ಮುಕ್ಕಾಲು, ಹಬೆಯಲ್ಲಿ ಮೂರು ಗಂಟೆ..."

"ಅದು ಅಡುಗೆ," ಎಂದು ಆಂಬ್ರೋಸ್ ನಕ್ಕ. "ಪಾಪ, ಹುಲ್ಡಾಗೆ ಅಷ್ಟೇ ಪ್ರಪಂಚ. ಸಾಕು ಅತ್ತಿಗೆ."

"ಈಗ ಎದ್ದು ಹೋದರು, ಬರೆಯುತ್ತೇನೆ," ಎಂದು ಜೆರೂಷಾ ಓದಿದಳು. ಅದೇ ದನಿ, ಅದೇ ಏರಿಳಿತ. "ಮಂಗಳವಾರ ಮಗು ಅತ್ತಿತು. ಪದ್ಯದ ಒಂದು ಸಾಲು ಕೆಟ್ಟಿತು ಅಂತ ನನ್ನ ತಲೆಯನ್ನು ಒಲೆಯ ಮೂಲೆಗೆ ಬಡಿದರು. ಎಡಗಿವಿ ಈಗ ಕೇಳುವುದಿಲ್ಲ. ಬಡಿದ ಮೇಲೆ ಕೂತು ಆ ಸಾಲನ್ನು ಸರಿ ಮಾಡಿ ನನಗೇ ಓದಿ ತೋರಿಸಿದರು. ಚೆನ್ನಾಗಿದೆ ಅಂದೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಇಲ್ಲಿಂದ ಬಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಅಲ್ಲವೇ ಎಂದು ಕೇಳುತ್ತಾರೆ, ರೂಷಕ್ಕ. ನಾನು ಬಿದ್ದರೆ ಡಾರ್ಕಸ್..."

ಅಷ್ಟರಲ್ಲಿ ಅವನ ಕೈ ಬಂತು. ಮೊದಲು ಕಾಗದಕ್ಕೆ ಬಂತು, ಅವಳು ಬಿಡಲಿಲ್ಲ. ಆಮೇಲೆ ಮುಖಕ್ಕೆ ಬಂತು. ಮೂಗಿನ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ರಕ್ತ ಬಿಳಿಯ ಮೇಲ್ಚರ್ಮಗಳ ಮೇಲೆ ಚಿಮ್ಮಿತು. ಅವಳು ಹಾಳೆಯನ್ನು ಎದೆಯೊಳಗೆ ತುರುಕಿಕೊಂಡು ಬೂಟಿನ ಪೆಟ್ಟಿಗೆಯ ಮೇಲೆ ಬೋರಲು ಬಿದ್ದಳು. ಅವನು ಕೂದಲು ಹಿಡಿದು ಎತ್ತಿ ಒಲೆಯ ಕಡೆ ಎಳೆದ, ಅವಳ ಎಡಗೈಯನ್ನು ಕಾದ ಕಬ್ಬಿಣದ ಮೇಲೆ ಒತ್ತಿದ. ಇಷ್ಟು ಮಾಡುವಾಗಲೂ ದನಿ ಏರಲಿಲ್ಲ. "ಬಿಡಿ ಅತ್ತಿಗೆ. ಬಿಡಿ. ಬಿಟ್ರೆ ಬಿಡ್ತೀನಿ," ಎಂದು ತೊಟ್ಟಿಲು ತೂಗುವವನಂತೆ ಹೇಳುತ್ತಿದ್ದ. ಚರ್ಮ ಸುಟ್ಟ ವಾಸನೆ ಬಂತು.

ವಿಟ್‌ಕಂ ಅವನ ಕೋಟು ಹಿಡಿದು ಜಗ್ಗಿದ, ಕನ್ನಡಕ ಹಾರಿತು. ಸಬ್ರಿನಾ ಗೋಡೆಗಂಟಿ ನಿಂತು ಕಿರುಚುತ್ತಿದ್ದಳು. ಎದ್ದು ಬಂದವಳು ಟ್ಯಾಬಿತಾ. ಮೀನು ಸೀಳಿ ಬೆಳೆದ ಕೈ. ಹೊಲಿಯುತ್ತಿದ್ದ ದಬ್ಬಳವನ್ನು ಹಾಗೇ ಮುಷ್ಟಿಯಲ್ಲಿ ತಿರುಗಿಸಿ ಹಿಡಿದು ಕವಿಯ ಬಲತೋಳಿಗೆ ಇಳಿಸಿದಳು, ಎಳೆದಳು, ಮತ್ತೆ ಇಳಿಸಿದಳು.

"ಬಿಡೋ ನಾಯಿ! ಬಿಡ್ತೀಯೋ ಕಣ್ಣಿಗೆ ಹಾಕ್ಲೋ?"

ಅವನು ಬಿಟ್ಟ. ತೋಳು ಹಿಡಿದು ಕುರ್ಚಿಯ ಮೇಲೆ ಕುಸಿದು, ಚುಚ್ಚಿದ ಮೇಲ್ಚರ್ಮದಂತೆ ತೂತಾದ ತನ್ನ ತೋಳನ್ನೇ ಬೆರಗಿನಿಂದ ನೋಡಿದ. ಆಮೇಲೆ, ದೇವರಾಣೆ, ಅಳತೊಡಗಿದ. ತನ್ನ ನೋವಿಗೆ ಅವನು ನಿಜವಾಗಿಯೇ ಅಳುತ್ತಿದ್ದ.

ಬರಿಲ್‌ನನ್ನು ಕರೆಸಿದರು. ಮುದುಕ ರಕ್ತ ನೋಡಿದ, ಕಾಗದವನ್ನು ಈ ಸಲವೂ ಮುಟ್ಟಲಿಲ್ಲ. ಕವಿಯನ್ನು ನೋಡಿದ, ಟ್ಯಾಬಿತಾಳನ್ನು ನೋಡಿದ. "ಮಗು ತಂದೇದು ಜೆರೂಷಾ. ಇಲ್ಲಿ ಆಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ದಬ್ಬಳ ಹಾಕಿದ್ದಕ್ಕೆ ಇವಳ ಮೇಲೂ ದೂರಾಗುತ್ತೆ, ಯೋಚ್ನೆ ಮಾಡಿ," ಎಂದ.

ವಿಟ್‌ಕಂ ಮಾತ್ರ ಯೋಚಿಸುತ್ತಲೇ ಇದ್ದ. ಕನ್ನಡಕದ ಒಂದು ಗಾಜು ಒಡೆದಿತ್ತು. ಜೆರೂಷಾಳನ್ನು ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಬಾಗಿಲು ಎಳೆದುಕೊಂಡು, ಮೆಲ್ಲಗೆ ಹೇಳಿದ:

"ಅಮ್ಮ, ಇದು ಸುಳ್ಳು ಅಂತ ನಾನು ಅನ್ನಲ್ಲ. ಆದ್ರೆ ಸಾವಿರಾರು ಮನೇಲಿ ಸಂಜೆ ಹೊತ್ತು ಇವರ ಪದ್ಯ ಓದಿ ಗಂಡಹೆಂಡ್ತಿ ಜಗಳ ನಿಲ್ಲಿಸ್ತಾರೆ. ಅದೂ ಸುಳ್ಳಲ್ಲ."

"ಮಗು," ಎಂದಳು ಜೆರೂಷಾ. ಮುರಿದ ಮೂಗಿನಿಂದ ಬೇರೆ ಮಾತು ಹೊರಡಲಿಲ್ಲ.

"ಕಾಗದ," ಎಂದ ವಿಟ್‌ಕಂ. "ಎಲ್ಲಾ. ನಿಮ್ಮ ಎದೇಲಿರೋದೂ ಸೇರಿ. ಅವರ ಕೈಲಿ ನಾನು ಸಹಿ ಹಾಕಿಸ್ತೀನಿ, ಮಗು ನಿಮ್ಮದು ಅಂತ. ಹಾಕದಿದ್ರೆ ಪುಸ್ತಕ ಇಲ್ಲ ಅಂತೀನಿ. ಹಾಕ್ತಾರೆ. ನನಗೆ ಗೊತ್ತು ಅವರನ್ನ."

ಆ ಕಾಗದಗಳಲ್ಲಿ ತಂಗಿ ಇದ್ದಳು. ಹೂತದ್ದು ದೇಹ, ಕೊನೆಯ ಉಸಿರಿನವರೆಗೆ ಮಾತಾಡಿದವಳು ಈ ಪೆಟ್ಟಿಗೆಯಲ್ಲಿದ್ದಳು. ಕೊಟ್ಟರೆ ಹುಲ್ಡಾ ಕಾಲು ಜಾರಿಯೇ ಸತ್ತಂತೆ, ಎಂದೆಂದಿಗೂ. ಕೊಡದಿದ್ದರೆ? ಬಾಸ್ಟನ್ನಿನ ಯಾವ ನ್ಯಾಯಾಲಯ ಬೂಟು ಹೊಲಿಯುವವಳ ಮಾತು ಕೇಳೀತು? ಕೇಳುವ ಹೊತ್ತಿಗೆ ಮಗು ಆ ಮೆಟ್ಟಿಲಿನ ಮನೆಯಲ್ಲಿ ಎಷ್ಟು ರಾತ್ರಿ ಕಳೆದಿರುತ್ತದೆ? ಒಂದೇ ಒಂದನ್ನು ಉಳಿಸಿಕೊಳ್ಳಲೇ ಎಂದು ಮನಸ್ಸು ಎಳೆಯಿತು. ಅದು ಸಿಕ್ಕಿಬಿದ್ದರೆ ಒಪ್ಪಂದ ಮುರಿದು ಬೀಳುತ್ತದೆಂದು ಅದೇ ಮನಸ್ಸು ಹೆದರಿಸಿತು.

ಎದೆಯಿಂದ ಹಾಳೆ ತೆಗೆದು ಕೊಟ್ಟಳು. ಸುಟ್ಟ ಬೆರಳಿನ ಚರ್ಮ ಅದಕ್ಕೆ ಅಂಟಿತ್ತು.

ಬರಿಲ್ ಮೇಜಿನ ಮೇಲೆ ಪತ್ರ ಬರೆದ. ಆಂಬ್ರೋಸ್ ಕಟ್ಟಿದ ತೋಳಿನಿಂದ, ಪದ್ಯಕ್ಕೆ ಹಾಕುವಷ್ಟೇ ಅಂದವಾಗಿ ಸಹಿ ಹಾಕಿದ. ಹಕ್ಕುಪತ್ರವೆಂದರೆ ಮೊಹರು ಬೀಳಬೇಕು. ಮುದುಕ ಮೇಣದಬತ್ತಿ ಹಚ್ಚಿ, ಜೇಬಿನಿಂದ ಕೆಂಪು ಅರಗಿನ ಕಡ್ಡಿ ತೆಗೆದು ಉರಿಗೆ ಹಿಡಿದ. ಅರಗು ಕರಗಿ ವಾಸನೆ ಹರಡಿತು.

ಡಾರ್ಕಸ್ ಮೂಲೆಯಿಂದ ಎದ್ದು ಬಂದಳು. ಯಾರೂ ಕರೆದಿರಲಿಲ್ಲ. ಬರಿಲ್‌ನ ಮುಂದೆ ನಿಂತು, ತೋಳಿನ ಗುಂಡಿ ತಾನೇ ಬಿಚ್ಚಿ, ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮೊಣಕೈ ಮೇಲಕ್ಕೆ ಸರಿಸಿ, ಒಳಗೈ ಮೇಲಾಗಿ ಚಾಚಿದಳು. ಕಣ್ಣು ಮುಚ್ಚಿಕೊಂಡಳು.

"ನಾನು ಸದ್ದು ಮಾಡ್ಲಿಲ್ಲ," ಎಂದಳು. "ಆದ್ರೂ ಪರ್ವಾಗಿಲ್ಲ."

ಬರಿಲ್ ಆ ಪುಟ್ಟ ಕಲೆಯನ್ನು ನೋಡಿದ. ಆರು ವರ್ಷದ ಹಿಂದೆ ಮುಟ್ಟದೆ ಬಿಟ್ಟ ಕಾಗದ ಈಗ ಅವನ ಕಣ್ಣ ಮುಂದೆ ಚರ್ಮದ ಮೇಲಿತ್ತು. ಕರಗಿದ ಅರಗು ಅವನದೇ ಬೆರಳ ಮೇಲೆ ಬಿತ್ತು. ಬತ್ತಿ ಊದಿ ಆರಿಸಿದ.

"ಮೊಹರು ಬೇಡ," ಎಂದ. "ನನ್ ಸಹಿ ಸಾಕು. ತೋಳು ಇಳಿಸಮ್ಮ. ಇಳಿಸು." ಆಮೇಲೆ ತಲೆಯೆತ್ತದೆ, "ಲಾಥ್ರಪ್, ಗಾಡಿ ಹತ್ತಿ. ಈ ಊರಿಗೆ ಮತ್ತೆ ಬಂದ್ರೆ ನಾನು ಮುದುಕ ಅಂತ ನೋಡಲ್ಲ," ಎಂದ.

ಅವರು ಹೋದ ಮೇಲೆ ಟ್ಯಾಬಿತಾ ಜೆರೂಷಾಳ ಕೈಗೆ ಹಂದಿಕೊಬ್ಬು ಸವರುತ್ತ ಬೈದಳು. "ತಂಗಿ ನಾಲಿಗೇನೇ ಮಾರ್ಬಿಟ್ಯಲ್ಲೇ!"

"ಹ್ಞೂಂ," ಎಂದಳು ಜೆರೂಷಾ. "ಮಾರ್ದೆ."

ವಸಂತದಲ್ಲಿ ಪುಸ್ತಕ ಬಂತು. ನೀಲಿ ಬಟ್ಟೆಯ ರಟ್ಟು, ಚಿನ್ನದ ಅಕ್ಷರ. ಉದ್ದದ ಸಾಲುಗಳೆಲ್ಲ ಇದ್ದವು, ಒಂದಕ್ಷರ ಬಿಡದೆ. ಮೊದಲ ಪುಟದ ಚಿತ್ರದಲ್ಲಿ ಕವಿಯ ತೊಡೆಯ ಮೇಲೆ ಗುಂಗುರು ಕೂದಲಿನ ಯಾವುದೋ ಹುಡುಗಿ ಕೂತಿದ್ದಳು. ಚಿತ್ರ ಕೊರೆದವನ ಅಣ್ಣನ ಮಗಳಂತೆ. ಮುನ್ನುಡಿಯಲ್ಲಿ "ದಬ್ಬಳ ಕೆಳಗಿಟ್ಟು ಕಣ್ಣೊರೆಸಿಕೊಂಡ ಹಳ್ಳಿಯ ಹೆಂಗಸರು" ಎಂದಿತ್ತು. ಟ್ಯಾಬಿತಾ ಅದನ್ನು ಕೇಳಿ ಕೆಮ್ಮು ಬರುವವರೆಗೂ ನಕ್ಕಳು. ಮೂಲ ಕಾಗದಗಳೆಲ್ಲ ಬೆಂಕಿ ಕಂಡವೆಂದು ವಿಟ್‌ಕಂ ಎರಡು ಸಾಲು ಬರೆದಿದ್ದ.

ಆ ಗುರುವಾರದ ಮಾತು ಊರಿನಲ್ಲಿ ಒಂದು ಚಳಿಗಾಲ ಓಡಾಡಿತು. ಪುಸ್ತಕ ಮನೆಮನೆಗೆ ಬಂದ ಮೇಲೆ ಸವೆಯುತ್ತ ಬಂತು. ಅಚ್ಚಾದದ್ದು ಇತ್ತು, ಕೇಳಿದ್ದು ಗಾಳಿಗೆ ಹೋಗಿತ್ತು. ಕವಿಗೆ ಆ ದಿನ ದುಃಖದಿಂದ ತಲೆ ಕೆಟ್ಟಿತ್ತು ಎಂದರು. ಜೆರೂಷಾ ಮೊದಲಿನಿಂದಲೂ ಒಂಟಿ, ಹೊಟ್ಟೆಕಿಚ್ಚಿನವಳು ಎಂದರು. ಮುರಿದ ಮೂಗು ಸೊಟ್ಟಗೆ ಕೂಡಿಕೊಂಡಿತು, ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅವಳು ಮೂರು ಬೆರಳಿನಲ್ಲಿ ಚರ್ಮ ಹಿಡಿದು ಹೊಲಿಯುವುದನ್ನು ಕಲಿತಳು. ಹಕ್ಕುಪತ್ರವನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟು, ದಿನಕ್ಕೆ ಎರಡು ಸಲ ಕೈಹಾಕಿ ಇದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ಮೊಹರಿಲ್ಲದ ಪತ್ರ ನಿಂತೀತೇ? ಬರಿಲ್ ಸತ್ತರೆ? ಈ ಪ್ರಶ್ನೆಗಳ ಜೊತೆಯಲ್ಲೇ ರೊಟ್ಟಿ ತಟ್ಟಿದಳು, ಮಗುವಿನ ಜಡೆ ಹೆಣೆದಳು.

ಸಬ್ರಿನಾ ಓಟಿಸ್ ಊರಿನ ಶಾಲೆಗೆ ಉಪಾಧ್ಯಾಯಿನಿಯಾದಳು. ಡಾರ್ಕಸ್‌ಗೆ ಎಂಟಾದ ವರ್ಷ, ಶಾಲೆಯ ಕೊನೆಯ ದಿನದ ಕೂಟದಲ್ಲಿ ಮಕ್ಕಳು ಪದ್ಯ ಹೇಳಬೇಕಿತ್ತು. ಡಾರ್ಕಸ್‌ಗೆ ಅವಳು ಕೊಟ್ಟದ್ದು ಅಪ್ಪನ ಪದ್ಯ. ಜೆರೂಷಾ ಶಾಲೆಗೆ ನುಗ್ಗಿದಳು.

"ನೀನು ಅಲ್ಲೇ ಇದ್ದೆ ಸಬ್ರಿನಾ! ಕಿವಿಯಾರೆ ಕೇಳಿದ್ದೀ, ಕಣ್ಣಾರೆ ನೋಡಿದ್ದೀ!"

ಸಬ್ರಿನಾ ಕೈ ಹಿಸುಕಿಕೊಂಡಳು. "ನೋಡ್ದೆ ಜೆರೂಷಕ್ಕ. ಆದ್ರೆ ಪದ್ಯ ಏನ್ ತಪ್ಪು ಮಾಡಿದೆ? ಅಪ್ಪನ ಪದ್ಯ ಮಗಳು ಹೇಳ್ಳಿಲ್ಲ ಅಂದ್ರೆ ಊರಲ್ಲಿ ಮತ್ತೆ ಮಾತು ಏಳುತ್ತೆ. ಆ ಮಾತು ಬಾಸ್ಟನ್‌ಗೂ ಹೋಗುತ್ತೆ. ನಿಮಗದು ಬೇಕಾ?"

ಬೇಡವಾಗಿತ್ತು. ಮಾತು ಅವನ ಕಿವಿಗೆ ಬಿದ್ದು, ಅವನ ಮನಸ್ಸು ಕದಲಿ, ಗಾಡಿ ಹೂಡಿಸುವುದು ಅವಳಿಗೆ ಯಾವುದಕ್ಕಿಂತಲೂ ಬೇಡವಾಗಿತ್ತು. ಸುಮ್ಮನೆ ಮನೆಗೆ ಬಂದಳು. ಪದ್ಯವನ್ನು ಅವಳೇ ಹೇಳಿಕೊಟ್ಟಳು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು. ಹೇಳಿಕೊಡುವಾಗ ಬಾಯಿಯೊಳಗೆ ರಕ್ತದ ರುಚಿ ಬಂದಂತಾಗಿ ಎರಡು ಸಲ ಎದ್ದು ಹೋಗಿ ಉಗುಳಿ ಬಂದಳು.

ಕೂಟದ ದಿನ ಡಾರ್ಕಸ್ ಬೆಂಚಿನ ಮೇಲೆ ನಿಂತು, ಕೈ ಕೆಳಗೆ ಬಿಟ್ಟು, ಒಲೆಯ ಮುಂದಿನ ಸಂಜೆಯ ಪದ್ಯವನ್ನು ಒಂದೂ ತಪ್ಪಿಲ್ಲದೆ ಹೇಳಿದಳು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಅಪ್ಪನ ದನಿಯೇ ಬಂದಿದೆ ಎಂದರು. ಕೊನೆಯ ಬೆಂಚಿನಲ್ಲಿ ಟ್ಯಾಬಿತಾ ತಟ್ಟಲಿಲ್ಲ, ಮುದುಕ ಬರಿಲ್ ತಟ್ಟಲಿಲ್ಲ. ಜೆರೂಷಾ ತಟ್ಟಿದಳು, ಮಡಚದ ಬೆರಳುಗಳು ಒಂದಕ್ಕೊಂದು ತಾಗಿ ನೋಯುವಷ್ಟು ಜೋರಾಗಿ, ಎಲ್ಲರಿಗೂ ಕಾಣುವಂತೆ.

ಇಬ್ಬರೂ ಮನೆಯ ದಾರಿ ಹಿಡಿದರು. ಉಪ್ಪುಗದ್ದೆಯ ಸೇತುವೆ ದಾಟಿದ ಮೇಲೆ ಡಾರ್ಕಸ್ ಕೈ ಜಗ್ಗಿದಳು.

"ದೊಡ್ಡಮ್ಮ, ಎಲ್ಲಾ ಸರಿಯಾಗಿ ಹೇಳ್ದೆ ತಾನೆ?"

"ಹೇಳ್ದೆ ಕಣೇ."

"ಒಂದು ಸಾಲೂ ಕೆಡಲಿಲ್ಲ?"

"ಇಲ್ಲ."

"ಹಂಗಾದ್ರೆ ಅವರು ಬರಲ್ಲ."

ಜೆರೂಷಾ ನಿಂತಳು. ಅಲ್ಲ ಮಗೂ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನೀನು ಹೇಳಿದರೂ ಕೆಡಿಸಿದರೂ ತಪ್ಪು ನಿನ್ನದಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು. ಮಗುವಿನ ಮುಖ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಆ ಹುಬ್ಬುಗಳ ನಡುವಿನ ಗಂಟು ಬಿಚ್ಚಿತ್ತು.

"ಬರಲ್ಲ," ಎಂದಳು.

ಡಾರ್ಕಸ್ ಕೈ ಬಿಡಿಸಿಕೊಂಡು ಮುಂದೆ ಓಡಿದಳು. ಬೀಳುತ್ತೀಯ, ನಿಧಾನ, ಕಲ್ಲಿದೆ ಎಂದು ಕೂಗುತ್ತ ಜೆರೂಷಾ ಹಿಂದಿನಿಂದ ಬೇಗಬೇಗ ಹೆಜ್ಜೆ ಹಾಕಿದಳು.